ಗೊತ್ತಿಲ್ಲದ ನಾಳೆ, ಇಂದಿನ ನೆಮ್ಮದಿ: ಓದುಗರ ಪ್ರಶ್ನೋತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳು ಬೇರೆ ಬೇರೆ ಬದುಕುಗಳಿಂದ ಬಂದಿದ್ದರೂ ಅವುಗಳ ಒಳಗಿರುವ ಅಳಲು ಒಂದೇ. ಮುಂದೇನಾಗುವುದೆಂದು ತಿಳಿಯದಿರುವಾಗ ಮನಸ್ಸನ್ನು ಸ್ಥಿಮಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಎಲ್ಲರೂ ಕೇಳಿದ್ದಾರೆ. ಆದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಉಳಿದವು ಅದರ ಮೇಲೆಯೇ ನಿಂತಿರುವುದರಿಂದ ಕ್ರಮವಾಗಿ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿದೆ. ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸಿದರು. ಖಚಿತವಾಗಿ ಏನನ್ನೂ ಹೇಳಲಾಗದು ಎಂದು ವರದಿ ಬಂತು. ಈಗ ಎರಡನೆಯ ಬಾರಿ ಮಾದರಿ ಕೊಟ್ಟು ಕಾಯುತ್ತಿದ್ದೇನೆ. ವರದಿ ಯಾವಾಗ ಬರುತ್ತದೋ ತಿಳಿಯದು. ಕ್ಯಾನ್ಸರ್ ಆಗಿದ್ದರೆ ಬದುಕುತ್ತೇನೆಯೇ, ನನಗೇ ಏಕೆ ಹೀಗಾಯಿತು, ನಾನಿಲ್ಲದಿದ್ದರೆ ಮಕ್ಕಳ ಗತಿಯೇನು ಎಂದು ಯೋಚಿಸುತ್ತಾ ಕೂರುತ್ತೇನೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಫೋನಿನಲ್ಲಿ ಕಾಯಿಲೆಯ ಬಗ್ಗೆ ಹುಡುಕಲು ತೊಡಗಿದರೆ ಬೆಳಗಾಗುತ್ತದೆ. ಕೆಟ್ಟ ಸುದ್ದಿ ಕೇಳಿಯಾದವರೇ ನನಗಿಂತ ಧೈರ್ಯವಾಗಿದ್ದಾರೆ. ನಾನು ಹೇಡಿಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಸ್ನೇಹಿತರು ‘ಎಲ್ಲವೂ ಅನಿತ್ಯ ಎಂದು ಬುದ್ಧ ಹೇಳಿದ್ದಾನೆ, ಸಮಾಧಾನ ಮಾಡಿಕೋ’ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಇನ್ನಷ್ಟು ಭಯವಾಗುತ್ತದೆ. ನನ್ನಂಥವರಿಗೆ ಬೌದ್ಧ ಚಿಂತನೆಯಲ್ಲಿ ನಿಜವಾಗಿ ಏನಾದರೂ ಇದೆಯೇ?

ಉತ್ತರ: ಹೇಡಿಯೇ ಎಂಬ ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಮಂದಿ ಸ್ವಯಂಸೇವಕರಿಗೆ ಕಂಪ್ಯೂಟರಿನಲ್ಲಿ ಒಂದು ಆಟವನ್ನು ಆಡಿಸಿದರು. ಪರದೆಯ ಮೇಲೆ ಕಾಣುವ ಕಲ್ಲಿನಡಿಯಲ್ಲಿ ಹಾವು ಇದೆಯೋ ಇಲ್ಲವೋ ಎಂದು ಅವರು ಊಹಿಸಬೇಕಿತ್ತು. ಹಾವು ಇದ್ದರೆ ಕೈಗೆ ನೋವಾಗುವಷ್ಟು ವಿದ್ಯುತ್ತಿನ ಹೊಡೆತ ಬೀಳುತ್ತಿತ್ತು. ಆಟ ಸಾಗಿದಂತೆ ಹಾವಿರುವ ಸಂಭವವನ್ನು ಏರಿಳಿಸುತ್ತಾ, ಆಡುವವರ ಬೆವರನ್ನೂ ಕಣ್ಣಿನ ಪಾಪೆಯ ಹಿಗ್ಗುವಿಕೆಯನ್ನೂ ಅಳೆದು ನೋಡಿದಾಗ ತಿಳಿದುಬಂದದ್ದೇನೆಂದರೆ, ಹೊಡೆತ ಖಂಡಿತವಾಗಿ ಬೀಳುತ್ತದೆ ಎಂದು ಗೊತ್ತಿದ್ದಾಗ ಆದ ಒತ್ತಡಕ್ಕಿಂತ, ಬೀಳುವ ಮತ್ತು ಬೀಳದಿರುವ ಸಂಭವಗಳು ಸರಿಸಮವಾಗಿದ್ದಾಗ ಆದ ಒತ್ತಡವೇ ಹೆಚ್ಚು. ಕೆಟ್ಟದ್ದು ಖಚಿತವಾದರೆ ದೇಹ ಅದಕ್ಕೆ ಅಣಿಯಾಗುತ್ತದೆ. ಖಚಿತವಾಗದೆ ನಡುವೆ ತೂಗಾಡುವಾಗ ಅಣಿಯಾಗುವುದು ಯಾವುದಕ್ಕೆಂದೇ ಅದಕ್ಕೆ ತಿಳಿಯುವುದಿಲ್ಲ. ನೀವು ಈಗ ಇರುವುದು ಆ ನಡುಜಾಗದಲ್ಲಿ. ಸುದ್ದಿ ಕೇಳಿಯಾದವರೊಂದಿಗೆ ನಿಮ್ಮ ಧೈರ್ಯವನ್ನು ಹೋಲಿಸುವುದರಲ್ಲಿ ನ್ಯಾಯವಿಲ್ಲ.

ಆದರೆ ಈ ನಡುಜಾಗದಲ್ಲಿ ಮನಸ್ಸು ಏನು ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಅದು ಪ್ರಶ್ನೆಗಳನ್ನು ಕೇಳುತ್ತದೆ, ಒಂದೇ ಸಮನೆ, ಎಲ್ಲವನ್ನೂ ಒಂದೇ ದನಿಯಲ್ಲಿ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳನ್ನು ನಿಕಾಯಗಳೆನ್ನುತ್ತಾರೆ; ಅವುಗಳಲ್ಲೊಂದಾದ ಅಂಗುತ್ತರ ನಿಕಾಯದಲ್ಲಿ, ನಾಲ್ಕು ನಾಲ್ಕು ಅಂಶಗಳ ಉಪದೇಶಗಳಿರುವ ಭಾಗದಲ್ಲಿ, ಬುದ್ಧನ ಒಂದು ಪುಟ್ಟ ಉಪದೇಶವಿದೆ; ಅದು ಪ್ರಸಿದ್ಧವಲ್ಲ, ಆದರೆ ಚಿಂತೆಯಲ್ಲಿರುವವರಿಗೆ ಅದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ಪ್ರಶ್ನೆಗಳಲ್ಲಿ ನಾಲ್ಕು ಬಗೆ ಎಂದು ಅಲ್ಲಿ ಹೇಳಲಾಗಿದೆ. ಕೆಲವಕ್ಕೆ ನೇರವಾಗಿ ಒಂದೇ ಉತ್ತರ ಕೊಡಬೇಕು. ಕೆಲವನ್ನು ಬಿಡಿಸಿ, ವಿಂಗಡಿಸಿ ಉತ್ತರಿಸಬೇಕು. ಕೆಲವಕ್ಕೆ ಮರುಪ್ರಶ್ನೆಯಿಂದಲೇ ಉತ್ತರ ಸಿಗುತ್ತದೆ. ಇನ್ನು ಕೆಲವನ್ನು ಬದಿಗಿಡಬೇಕು. ಯಾವುದು ಯಾವ ಬಗೆಯದೆಂದು ಬಲ್ಲವನನ್ನೇ ಆ ಸುತ್ತ (ಉಪದೇಶ) ಜಾಣನೆಂದು ಕರೆಯುತ್ತದೆ. ಎಲ್ಲಕ್ಕೂ ಉತ್ತರ ಬಲ್ಲವನೇ ಜಾಣನೆಂದು ಅದು ಹೇಳುವುದಿಲ್ಲ ಎಂಬುದನ್ನು ಗಮನಿಸಿ.

ಈ ಕಣ್ಣಿನಿಂದ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ‘ವರದಿ ಯಾವಾಗ ಬರುತ್ತದೆ’ ಎಂಬುದು ನೇರವಾಗಿ ಉತ್ತರವಿರುವ ಪ್ರಶ್ನೆ. ಅದನ್ನು ಇರುಳಿನಲ್ಲಿ ನಿಮ್ಮನ್ನೇ ಕೇಳಿಕೊಳ್ಳುವ ಬದಲು ಹಗಲಿನಲ್ಲಿ ವೈದ್ಯರನ್ನು ಕೇಳಿ, ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ‘ಕ್ಯಾನ್ಸರ್ ಆಗಿದ್ದರೆ ಬದುಕುತ್ತೇನೆಯೇ’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಯಾರೂ ಹೇಳಲಾರರು, ಏಕೆಂದರೆ ಅದು ವಿಂಗಡಿಸಬೇಕಾದ ಪ್ರಶ್ನೆ. ಯಾವ ಬಗೆಯದು, ಯಾವ ಹಂತದಲ್ಲಿದೆ, ಚಿಕಿತ್ಸೆಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅವಲಂಬಿಸಿ ಉತ್ತರ ಪೂರ್ತಿ ಬದಲಾಗುತ್ತದೆ, ಮತ್ತು ಆ ವಿಂಗಡಣೆಗೆ ಬೇಕಾದ ಮೊದಲ ಮಾಹಿತಿಯೇ ಇನ್ನೂ ಬಂದಿಲ್ಲ. ‘ನಾನು ಹೇಡಿಯೇ’ ಎಂಬುದಕ್ಕೆ ನನ್ನ ಉತ್ತರ ಒಂದು ಮರುಪ್ರಶ್ನೆ: ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಇದೇ ಸ್ಥಿತಿಯಲ್ಲಿ ನಿದ್ದೆಗೆಟ್ಟು ಕೂತಿದ್ದರೆ ಅವರನ್ನು ನೀವು ಹೇಡಿ ಎಂದು ಕರೆಯುತ್ತಿದ್ದಿರಾ? ‘ನನಗೇ ಏಕೆ ಹೀಗಾಯಿತು’ ಎಂಬುದನ್ನು ಬದಿಗಿಡಬೇಕು. ‘ನಾನಿಲ್ಲದಿದ್ದರೆ ಮಕ್ಕಳ ಗತಿಯೇನು’ ಎಂಬುದು ಸ್ವಲ್ಪ ಸಂಕೀರ್ಣ. ಅದರಲ್ಲಿ ಎರಡು ಪ್ರಶ್ನೆಗಳು ಬೆಸೆದುಕೊಂಡಿವೆ. ಅವರ ಬದುಕು ಮುಂದೆ ಯಾವ ದಿಕ್ಕಿಗೆ ತಿರುಗೀತು ಎಂಬುದನ್ನು ನೀವು ಆರೋಗ್ಯವಾಗಿದ್ದರೂ ಹೇಳಲಾರಿರಿ, ಅದು ಬದಿಗಿಡಬೇಕಾದದ್ದು. ಉಳಿತಾಯ, ವಿಮೆ, ಉಯಿಲುಗಳ ಕಾಗದಪತ್ರ ಸರಿಯಾಗಿದೆಯೇ, ನಂಬಿಕಸ್ಥರೊಬ್ಬರಿಗೆ ಅದೆಲ್ಲ ತಿಳಿದಿದೆಯೇ ಎಂಬುದು ಮಾತ್ರ ನೇರ ಪ್ರಶ್ನೆ, ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಮುಗಿಸಿದ ಮೇಲೆ ಆ ಚಿಂತೆಯ ತೂಕ ಎಷ್ಟು ಇಳಿಯುತ್ತದೆಂಬುದನ್ನು ನೀವೇ ನೋಡುವಿರಿ.

ಇರುಳಿನ ಹುಡುಕಾಟದಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಬದಿಗಿಡಬೇಕಾದ ಪ್ರಶ್ನೆಯನ್ನು ನೇರ ಉತ್ತರವಿರುವ ಪ್ರಶ್ನೆಯೆಂಬಂತೆ ಕೇಳುತ್ತಿದ್ದೀರಿ. ಫೋನು ಸಾವಿರಾರು ಅಪರಿಚಿತರ ಕಾಯಿಲೆಯ ಬಗ್ಗೆ ಹೇಳಬಲ್ಲುದು. ನಿಮ್ಮ ಗಂಟಿನ ಬಗ್ಗೆ ಅದಕ್ಕೆ ಏನೂ ತಿಳಿಯದು. ಮಜ್ಝಿಮ ನಿಕಾಯದ ಸಬ್ಬಾಸವ ಸುತ್ತದಲ್ಲಿ ಮನುಷ್ಯ ತನ್ನನ್ನು ತಾನೇ ಪೀಡಿಸಿಕೊಳ್ಳುವ 16 ಪ್ರಶ್ನೆಗಳ ಪಟ್ಟಿಯಿದೆ. ಹಿಂದಿನದರ ಬಗ್ಗೆ ಐದು, ಈಗಿನದರ ಬಗ್ಗೆ ಆರು. ಮುಂದಿನದರ ಬಗ್ಗೆ ಇರುವ ಐದನ್ನು ಇಲ್ಲಿ ಕೊಡುತ್ತೇನೆ: ‘ಮುಂದೆ ನಾನು ಇರುತ್ತೇನೆಯೇ? ಇರುವುದಿಲ್ಲವೇ? ಏನಾಗಿರುತ್ತೇನೆ? ಹೇಗಿರುತ್ತೇನೆ? ಏನಾಗಿದ್ದು ಮತ್ತೇನಾಗುತ್ತೇನೆ?’ ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಪಟ್ಟಿಯನ್ನು ಓದುವಾಗ ಇದು ಇಂದಿನ ಯಾರದೋ ನಿದ್ದೆಯಿಲ್ಲದ ರಾತ್ರಿಯ ದಾಖಲೆಯಂತೆ ಕಾಣುತ್ತದೆ. ಬುದ್ಧ ಇದನ್ನು ಪಾಪವೆಂದೋ ದೌರ್ಬಲ್ಯವೆಂದೋ ಕರೆಯಲಿಲ್ಲ; ಗಮನವನ್ನು ಸಲ್ಲದ ಕಡೆ ಹರಿಸುವುದು ಎಂದಷ್ಟೇ ಹೇಳಿದ. ಗಮನವನ್ನು ತಿರುಗಿಸಲು ಸಾಧ್ಯ ಎಂಬ ಆಶ್ವಾಸನೆ ಆ ಮಾತಿನಲ್ಲೇ ಇದೆ. ಇಲ್ಲಿ ದುಃಖವಿದೆ, ಇದು ಇಲ್ಲಿಂದ ಹುಟ್ಟುತ್ತಿದೆ, ಇದು ಶಮನವಾಗಬಲ್ಲುದು, ಶಮನವಾಗುವ ದಾರಿ ಇದು ಎಂದು ನೋಡುವತ್ತ ಅದನ್ನು ತಿರುಗಿಸಬೇಕೆಂದು ಸುತ್ತ ಮುಂದುವರಿಯುತ್ತದೆ.

ದುಃಖ ಎಲ್ಲಿಂದ ಹುಟ್ಟುತ್ತಿದೆ ಎಂಬುದಕ್ಕೆ ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತ ಒಂದು ವಿವರಣೆ ಕೊಡುತ್ತದೆ. ಒಂದು ಬಾಣ ನಾಟಿದವನಿಗೆ ಕೂಡಲೇ ಇನ್ನೊಂದು ಬಾಣ ನಾಟಿದರೆ ಅವನು ಎರಡು ನೋವನ್ನು ಅನುಭವಿಸುತ್ತಾನೆ. ದೇಹದ ನೋವು ಮೊದಲ ಬಾಣ, ಆ ನೋವಿನ ಬಗ್ಗೆ ಮನಸ್ಸು ಪಡುವ ಸಂಕಟ ಎರಡನೆಯದು. ವಿವೇಕಿಗೂ ಮೊದಲ ಬಾಣ ತಪ್ಪುವುದಿಲ್ಲ ಎಂಬುದನ್ನು ಸುತ್ತ ಮರೆಮಾಚುವುದಿಲ್ಲ, ಮತ್ತು ಆ ಪ್ರಾಮಾಣಿಕತೆ ನನಗೆ ಬಹಳ ಮುಖ್ಯವೆನಿಸುತ್ತದೆ. ನಿಮ್ಮ ವಿಷಯದಲ್ಲಿ ಗಂಟು ಮತ್ತು ಕಾಯುವಿಕೆ ಮೊದಲ ಬಾಣ. ಅದು ನೋಯುತ್ತದೆ, ಧ್ಯಾನ ಮಾಡಿದರೂ ನೋಯುತ್ತದೆ. ‘ನನಗೆ ಈಗಲೇ, ಈ ರಾತ್ರಿಯೇ ತಿಳಿಯಲೇಬೇಕು’ ಎಂಬ ಹಟ ಎರಡನೆಯ ಬಾಣ. ಅನಿಶ್ಚಿತತೆಯನ್ನು ತೆಗೆದುಹಾಕುವ ಶಕ್ತಿ ನಿಮಗಿಲ್ಲ. ಆ ಹಟವನ್ನು ಸಡಿಲಿಸುವ ಶಕ್ತಿ ಸ್ವಲ್ಪಮಟ್ಟಿಗಾದರೂ ಇದೆ.

ಇನ್ನು ಅನಿತ್ಯದ ಮಾತು. ನಿಮ್ಮ ಸ್ನೇಹಿತರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅರ್ಧ ಹೇಳಿದ್ದಾರೆ. ಅನಿತ್ಯವೆಂಬುದು ಕೆಟ್ಟ ಸುದ್ದಿಯ ಮುನ್ಸೂಚನೆಯಲ್ಲ. ಆರೋಗ್ಯ ಸ್ಥಿರವಲ್ಲ ಎಂಬುದು ಎಷ್ಟು ನಿಜವೋ, ಈಗಿನ ಭಯ ಸ್ಥಿರವಲ್ಲ, ಭಯ ಬಿಡಿಸಿಟ್ಟ ಚಿತ್ರವೂ ಸ್ಥಿರವಲ್ಲ ಎಂಬುದೂ ಅಷ್ಟೇ ನಿಜ. ಥಾಯ್ಲೆಂಡಿನ ಅರಣ್ಯ ಪರಂಪರೆಯ ಭಿಕ್ಷು ಅಜಾನ್ ಚಾ (1918–1992) ಅನಿತ್ಯವನ್ನು ಬೋಧಿಸುವಾಗ ಪಾಂಡಿತ್ಯದ ಭಾಷೆಯನ್ನು ಬಿಟ್ಟು ‘ಇದು ಖಚಿತವಲ್ಲ’ ಎಂಬ ಆಡುಮಾತನ್ನು ಬಳಸುತ್ತಿದ್ದರು. ಸಂತೋಷ ಬಂದಾಗಲೂ ಅದೇ, ಬೇಸರ ಬಂದಾಗಲೂ ಅದೇ. ಈ ಮಾತನ್ನು ನಿಮ್ಮ ಭಯಕ್ಕೆ ಹೇಳಿ ನೋಡಿ. ವೈದ್ಯರಿಗೆ ಖಚಿತವಿಲ್ಲ, ಪ್ರಯೋಗಾಲಯಕ್ಕೆ ಖಚಿತವಿಲ್ಲ, ಆದರೆ ರಾತ್ರಿ ಎರಡು ಗಂಟೆಯ ಭಯಕ್ಕೆ ಮಾತ್ರ ಎಲ್ಲವೂ ಖಚಿತವಾಗಿ ಗೊತ್ತಿದೆ. ನಿಮ್ಮನ್ನು ಕಾಡುತ್ತಿರುವುದು ಅನಿಶ್ಚಿತತೆ ಎಂದು ನೀವು ಬರೆದಿದ್ದೀರಿ. ನನಗನ್ನಿಸುವಂತೆ, ನಿಮ್ಮನ್ನು ಹೆಚ್ಚಾಗಿ ಕಾಡುತ್ತಿರುವುದು ಒಂದು ಸುಳ್ಳು ಖಚಿತತೆ. ‘ಗೊತ್ತಿಲ್ಲ’ ಎಂಬುದು ನಿಮ್ಮ ಸ್ಥಿತಿಯ ನಿಜವಾದ ವರ್ಣನೆ, ಮತ್ತು ಸದ್ಯಕ್ಕೆ ಅದು ‘ಕೆಟ್ಟದ್ದೇ ಆಗಿದೆ’ ಎಂಬುದಕ್ಕಿಂತ ಎಷ್ಟೋ ಮೃದುವಾದದ್ದು.

ಇಂದು ರಾತ್ರಿಗೆ ಒಂದು ಸಲಹೆ: ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಹಾಸಿಗೆಯ ಪಕ್ಕದಲ್ಲಿ ಹಾಳೆ ಮತ್ತು ಪೆನ್ನು ಇಟ್ಟುಕೊಳ್ಳಿ. ಎಚ್ಚರವಾದಾಗ ಬಂದ ಪ್ರಶ್ನೆಯನ್ನು ಬರೆದು, ಅದು ನಾಲ್ಕರಲ್ಲಿ ಯಾವ ಬಗೆಯದೆಂದು ಪಕ್ಕದಲ್ಲಿ ಗುರುತು ಹಾಕಿ. ನೇರ ಪ್ರಶ್ನೆಗಳನ್ನು ಬೆಳಿಗ್ಗೆ ಕೇಳಬೇಕಾದವರನ್ನು ಕೇಳಿ. ವರದಿ ಬರುವ ದಿನ ಆಪ್ತರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಹೇಳುವುದನ್ನು ಕೇಳಲು ಇನ್ನೊಂದು ಜೊತೆ ಕಿವಿ ಇರುವುದು ಒಳ್ಳೆಯದು.

ಪ್ರಶ್ನೆ: ಲೋಕ ಶಾಶ್ವತವೇ, ಸತ್ತ ಮೇಲೆ ಏನಾಗುತ್ತದೆ ಎಂದು ಕೇಳಿದಾಗ ಬುದ್ಧ ಉತ್ತರಿಸಲಿಲ್ಲವೆಂದು ಓದಿದ್ದೇನೆ. ಇದು ನುಣುಚಿಕೊಂಡಂತಲ್ಲವೇ? ಪರಲೋಕವಿದೆಯೋ ಇಲ್ಲವೋ ಎಂಬುದೇ ನಿಶ್ಚಯವಿಲ್ಲದಿದ್ದರೆ ಒಳ್ಳೆಯವನಾಗಿ ಬಾಳುವುದಕ್ಕೆ ಆಧಾರವೇನು? ನನಗೆ ವಯಸ್ಸಾಗಿದೆ, ಇದು ನನ್ನ ಪಾಲಿಗೆ ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ.

ಉತ್ತರ: ನೀವು ಓದಿರುವುದು ಮಾಲುಂಕ್ಯಪುತ್ತನೆಂಬ ಭಿಕ್ಷುವಿನ ಪ್ರಸಂಗವಿರಬೇಕು; ಅದು ಮಜ್ಝಿಮ ನಿಕಾಯದ 63ನೆಯ ಸುತ್ತ. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆಯಿದೆಯೋ ಇಲ್ಲವೋ, ಜೀವವೂ ದೇಹವೂ ಒಂದೆಯೋ ಬೇರೆಯೋ, ತಥಾಗತನು ಮರಣಾನಂತರ ಇರುತ್ತಾನೋ ಇಲ್ಲವೋ, ಎರಡೂ ಹೌದೋ ಎರಡೂ ಅಲ್ಲವೋ ಎಂಬ ಹತ್ತು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಸಂಘವನ್ನೇ ಬಿಟ್ಟು ಹೋಗುತ್ತೇನೆಂದು ಅವನು ಬುದ್ಧನ ಮುಂದೆ ನಿಲ್ಲುತ್ತಾನೆ. ‘ನಿನಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ನೇರವಾಗಿ ಹೇಳು’ ಎಂದೂ ಕೇಳುತ್ತಾನೆ. ಬುದ್ಧ ಕೋಪಿಸಿಕೊಳ್ಳುವುದಿಲ್ಲ. ಇವಕ್ಕೆ ಉತ್ತರ ಕೊಡುತ್ತೇನೆ, ಬಾ ಎಂದು ನಾನು ನಿನ್ನನ್ನು ಕರೆದಿದ್ದೆನೇ ಎಂದು ಕೇಳಿ, ವಿಷ ಸವರಿದ ಬಾಣ ತಗುಲಿದವನೊಬ್ಬನ ಮಾತನ್ನು ಹೇಳುತ್ತಾನೆ. ಬಂಧುಗಳು ವೈದ್ಯನನ್ನು ಕರೆತಂದರೂ ಅವನು ಬಾಣವನ್ನು ಕೀಳಗೊಡುವುದಿಲ್ಲ. ಹೊಡೆದವನ ಹೆಸರೇನು, ಕುಲವೇನು, ಅವನು ಎತ್ತರದವನೋ ಕುಳ್ಳನೋ, ಬಿಲ್ಲಿನ ಹೆದೆ ನಾರಿನದೋ ನರದ್ದೋ, ಬಾಣಕ್ಕೆ ಕಟ್ಟಿದ ಗರಿ ಹದ್ದಿನದೋ ನವಿಲಿನದೋ ಎಂಬುದೆಲ್ಲ ಮೊದಲು ತಿಳಿಯಬೇಕೆನ್ನುತ್ತಾನೆ. ಅದು ತಿಳಿಯುವ ಮೊದಲೇ ಅವನು ಸಾಯುತ್ತಾನೆ.

ನುಣುಚಿಕೊಳ್ಳುವವನು ಕಾರಣ ಹೇಳುವುದಿಲ್ಲ. ಇಲ್ಲಿ ಕಾರಣವನ್ನು ಬಿಚ್ಚಿ ಹೇಳಲಾಗಿದೆ: ಲೋಕ ಶಾಶ್ವತವೆಂಬ ಮತ ಗೆದ್ದರೂ ಅಶಾಶ್ವತವೆಂಬ ಮತ ಗೆದ್ದರೂ ಹುಟ್ಟು, ಮುಪ್ಪು, ಸಾವು, ಶೋಕಗಳು ಇದ್ದೇ ಇರುತ್ತವೆ, ನಾನು ಮದ್ದು ಹೇಳುತ್ತಿರುವುದು ಅವಕ್ಕೆ. ಮೊದಲ ಉತ್ತರದಲ್ಲಿ ಹೇಳಿದ ನಾಲ್ಕು ಬಗೆಗಳಲ್ಲಿ ಕೊನೆಯದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಪ್ರಶ್ನೆಯನ್ನು ಬದಿಗಿಡುವುದೆಂದರೆ ಅದನ್ನು ಕೀಳಾಗಿ ಕಂಡಂತಲ್ಲ, ಅದಕ್ಕೆ ಉತ್ತರ ಸಿಗುವವರೆಗೆ ಬದುಕನ್ನು ತಡೆಹಿಡಿಯುವುದಿಲ್ಲ ಎಂದು ನಿರ್ಧರಿಸಿದಂತೆ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಅಂಗುತ್ತರ ನಿಕಾಯದ ಕಾಲಾಮ ಸುತ್ತದಲ್ಲಿದೆ. ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧನ ಬಳಿ ಬಂದು, ಇಲ್ಲಿಗೆ ಬರುವ ಪ್ರತಿಯೊಬ್ಬ ಉಪದೇಶಕನೂ ತನ್ನ ಮತವನ್ನು ಹೊಗಳಿ ಉಳಿದವರದನ್ನು ಹಳಿಯುತ್ತಾನೆ, ಯಾರು ನಿಜ ಹೇಳುತ್ತಿದ್ದಾರೋ ತಿಳಿಯದು ಎಂದು ಹೇಳಿಕೊಳ್ಳುತ್ತಾರೆ. ನಿಮಗೆ ಸಂದೇಹ ಬಂದಿರುವುದು ಸರಿಯಾಗಿಯೇ ಇದೆ, ಸಂದೇಹಕ್ಕೆ ಎಡೆಯಿರುವ ವಿಷಯದಲ್ಲೇ ಅದು ಬಂದಿದೆ ಎಂದು ಬುದ್ಧ ಮೊದಲು ಅವರನ್ನು ಸಂತೈಸುತ್ತಾನೆ. ಈ ಸುತ್ತದಲ್ಲಿ ಎಲ್ಲರೂ ನೆನೆಯುವುದು ಕೇಳಿದ ಮಾತ್ರಕ್ಕೆ, ಗ್ರಂಥದಲ್ಲಿದ್ದ ಮಾತ್ರಕ್ಕೆ, ಗುರು ಹೇಳಿದ ಮಾತ್ರಕ್ಕೆ ಒಪ್ಪಬೇಡಿ ಎಂಬ ಭಾಗವನ್ನು. ಕೊನೆಯಲ್ಲಿ ಬರುವ ನಾಲ್ಕು ಆಶ್ವಾಸನೆಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ನಿಮ್ಮ ಪ್ರಶ್ನೆ ಇರುವುದು ಅಲ್ಲಿಯೇ. ದ್ವೇಷವನ್ನು ಬಿಟ್ಟು ಮೈತ್ರಿಯಿಂದ ಬಾಳಿದವನು ಹೀಗೆ ಯೋಚಿಸಬಹುದು: ಪರಲೋಕವೂ ಕರ್ಮಫಲವೂ ಇದ್ದರೆ ನನಗೆ ಸದ್ಗತಿ, ಇಲ್ಲದಿದ್ದರೂ ಈ ಬದುಕಿನಲ್ಲೇ ವೈರವಿಲ್ಲದೆ, ಅಳುಕಿಲ್ಲದೆ, ಸುಖವಾಗಿದ್ದೇನೆ. ಕೇಡು ಮಾಡಿದವರಿಗೆ ಕೇಡಾಗುತ್ತದೆಂದರೆ ನಾನು ಯಾರಿಗೂ ಕೇಡು ಬಗೆದಿಲ್ಲ. ಆಗುವುದಿಲ್ಲವೆಂದರೂ ನಾನು ಎರಡೂ ಬಗೆಯಲ್ಲಿ ಶುದ್ಧನಾಗಿಯೇ ಇದ್ದೇನೆ.

ಫ್ರಾನ್ಸಿನ ಪಾಸ್ಕಲ್ 17ನೆಯ ಶತಮಾನದಲ್ಲಿ ದೇವರ ಅಸ್ತಿತ್ವದ ಬಗ್ಗೆ ಹೂಡಿದ ಪ್ರಸಿದ್ಧ ಪಣದ ವಾದ (ದೇವರನ್ನು ನಂಬಿದರೆ, ಅವನಿದ್ದರೆ ಅಪಾರ ಲಾಭ, ಇಲ್ಲದಿದ್ದರೆ ನಷ್ಟ ಅಲ್ಪ ಎಂಬುದು) ಇದಕ್ಕೆ ಹತ್ತಿರವೆಂದು ತೋರಬಹುದು. ನನಗೆ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ. ಪಣದಲ್ಲಿ ಗೆಲುವು ಮುಂದೆ ಬರಬೇಕು, ಆದ್ದರಿಂದ ಅದು ಬರುತ್ತದೋ ಇಲ್ಲವೋ ಎಂಬ ಅಳುಕು ಉಳಿದೇ ಉಳಿಯುತ್ತದೆ. ಕಾಲಾಮರಿಗೆ ಹೇಳಿದ್ದರಲ್ಲಿ ಒಳ್ಳೆಯ ಬಾಳಿನ ಫಲದ ಒಂದು ಪಾಲು ಆಗಲೇ ಕೈಸೇರಿದೆ. ಬೌದ್ಧ ಗ್ರಂಥಗಳು ಪುನರ್ಜನ್ಮವನ್ನು ಬೇರೆಡೆ ಧಾರಾಳವಾಗಿ ಒಪ್ಪುತ್ತವೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೆ ಸಂದೇಹದಲ್ಲಿದ್ದವರ ಮುಂದೆ ಬುದ್ಧ ಅದನ್ನು ಷರತ್ತಾಗಿ ಇಡಲಿಲ್ಲ. ನಿಮ್ಮ ಇಷ್ಟು ವರ್ಷಗಳ ಬಾಳಿನಲ್ಲಿ ಯಾರಿಗಾದರೂ ಪ್ರಾಮಾಣಿಕವಾಗಿ ನೆರವಾದದ್ದು, ಸೇಡು ತೀರಿಸಿಕೊಳ್ಳಬಹುದಾಗಿದ್ದಾಗ ಸುಮ್ಮನಿದ್ದದ್ದು ಇದ್ದರೆ, ಅದರ ಬೆಲೆಯನ್ನು ಪರಲೋಕ ಬಂದು ದೃಢೀಕರಿಸಬೇಕಾಗಿಲ್ಲ.

ಪ್ರಶ್ನೆ: ಎರಡು ಉದ್ಯೋಗಗಳಲ್ಲಿ ಒಂದನ್ನು ಆರಿಸಬೇಕಾಗಿದೆ. ಪ್ರತಿಯೊಂದರ ಒಳಿತು ಕೆಡುಕುಗಳ ಪಟ್ಟಿ ಮಾಡಿ, ಕಂಡಕಂಡವರನ್ನು ಕೇಳಿ, ಮತ್ತೆ ಪಟ್ಟಿ ತಿದ್ದುತ್ತಾ ಕಾಲ ಕಳೆಯುತ್ತಿದ್ದೇನೆ. ಹಿಂದೆ ಹೀಗೆಯೇ ಒಂದು ಅವಕಾಶ ಕೈತಪ್ಪಿತ್ತು. ಗ್ರೀಕ್ ಸಂದೇಹವಾದಿಗಳನ್ನು ಓದಿಕೊಂಡಿರುವ ಸ್ನೇಹಿತೆಯೊಬ್ಬಳು, ತೀರ್ಮಾನವನ್ನೇ ಕೈಬಿಟ್ಟರೆ ಶಾಂತಿ ಸಿಗುತ್ತದೆ ಎನ್ನುತ್ತಾಳೆ. ಕೈಬಿಟ್ಟರೆ ಕೆಲಸಕ್ಕೆ ಸೇರುವುದು ಹೇಗೆ?

ಉತ್ತರ: ನಿಮ್ಮ ಸ್ನೇಹಿತೆ ಹೇಳುತ್ತಿರುವುದು ಪಿರೋನ ಪರಂಪರೆಯ ಮಾತು. ಎಲಿಸ್ ಎಂಬ ಊರಿನ ಈ ತತ್ತ್ವಜ್ಞಾನಿ ಅಲೆಕ್ಸಾಂಡರನ ದಂಡಿನೊಡನೆ ಭಾರತದವರೆಗೆ ಬಂದು ಇಲ್ಲಿನ ದಿಗಂಬರ ತಪಸ್ವಿಗಳನ್ನು ಕಂಡಿದ್ದನೆಂದು ಗ್ರೀಕ್ ತತ್ತ್ವಜ್ಞಾನಿಗಳ ಜೀವನಚರಿತ್ರೆಗಳನ್ನು ಬರೆದ ಡಯೊಜೆನೀಸ್ ಲೇರ್ಷಿಯಸ್ ಹೇಳಿದ್ದಾನೆ. ಪಿರೋ ತಾನು ಏನನ್ನೂ ಬರೆದಿಡಲಿಲ್ಲ. ಆ ಪರಂಪರೆಯನ್ನು ವಿವರವಾಗಿ ದಾಖಲಿಸಿದವನು ನಂತರದ ಸೆಕ್ಸ್ಟಸ್ ಎಂಪಿರಿಕಸ್. ಅವನು ಚಿತ್ರಕಾರ ಅಪೆಲೀಸನ ಕಥೆಯನ್ನು ಹೇಳುತ್ತಾನೆ. ಕುದುರೆಯ ಬಾಯಿಯ ನೊರೆಯನ್ನು ಚಿತ್ರಿಸಲು ಎಷ್ಟು ಹೆಣಗಿದರೂ ಆಗದೆ, ಬೇಸತ್ತು, ಕುಂಚ ಒರೆಸುವ ಸ್ಪಂಜನ್ನು ಚಿತ್ರದ ಮೇಲೆಸೆದಾಗ ನೊರೆ ತಾನಾಗಿ ಮೂಡಿತಂತೆ. ನಿಶ್ಚಿತ ತೀರ್ಪಿಗಾಗಿ ಹೆಣಗುವುದನ್ನು ಬಿಟ್ಟಾಗ ಶಾಂತಿಯೂ ಹಾಗೆಯೇ ನೆರಳಿನಂತೆ ಹಿಂಬಾಲಿಸುತ್ತದೆ ಎಂಬುದು ಅವನ ಮಾತು. ಆದರೆ ಅದೇ ಸೆಕ್ಸ್ಟಸ್, ಸಂದೇಹವಾದಿ ಕೈಕಟ್ಟಿ ಕೂರುವುದಿಲ್ಲ ಎಂದೂ ಸ್ಪಷ್ಟಪಡಿಸುತ್ತಾನೆ. ಹಸಿವಾದರೆ ಅವನು ಉಣ್ಣುತ್ತಾನೆ, ಸಮಾಜದ ಕಟ್ಟುಕಟ್ಟಳೆಗಳಂತೆ ನಡೆಯುತ್ತಾನೆ, ಕಲಿತ ಕಸುಬನ್ನು ಮಾಡುತ್ತಾನೆ. ಅವನು ಕೈಬಿಡುವುದು ‘ಇದೇ ಪರಮಸತ್ಯ’ ಎಂಬ ಹಟವನ್ನು ಮಾತ್ರ. ನಿಮ್ಮ ವಿಷಯದಲ್ಲಿ ಕೈಬಿಡಬೇಕಾದದ್ದು ಉದ್ಯೋಗದ ಆಯ್ಕೆಯಲ್ಲ; ಆಯ್ಕೆ ಮಾಡುವ ಮೊದಲೇ ಅದು ಸರಿಯೆಂದು ಸಾಬೀತಾಗಬೇಕೆಂಬ ಬೇಡಿಕೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಕಾರ್ನಿಯಡೀಸ್ ಎಂಬ ಇನ್ನೊಬ್ಬ ಸಂದೇಹವಾದಿ ನಿಮಗೆ ಹೆಚ್ಚು ನೆರವಾಗುವನೆಂದು ನನ್ನ ನಂಬಿಕೆ. ಅವನ ವಿಚಾರವನ್ನು ಸೆಕ್ಸ್ಟಸ್ ವಿವರಿಸುವಾಗ ಬರುವ ಉದಾಹರಣೆ ನಮ್ಮವರಿಗೆ ಅಚ್ಚರಿ ತರುವಂಥದ್ದು: ಕತ್ತಲ ಕೋಣೆಯಲ್ಲಿ ಸುರುಳಿ ಸುತ್ತಿದ ಹಗ್ಗ. ನಮ್ಮ ವೇದಾಂತಿಗಳು ಹಗ್ಗ–ಹಾವಿನ ದೃಷ್ಟಾಂತದಿಂದ ಬ್ರಹ್ಮವೇ ಸತ್ಯವೆಂಬ ಕಡೆಗೆ ನಡೆಯುತ್ತಾರೆ. ಗ್ರೀಕನ ದಾರಿ ಬೇರೆ. ಕೋಣೆಗೆ ಬಂದವನು ಹಾವೆಂದು ಬೆಚ್ಚಿ ಹಾರುತ್ತಾನೆ. ಹಿಂತಿರುಗಿ ನೋಡಿದರೆ ಅದು ಅಲುಗುತ್ತಿಲ್ಲ, ಹಾವಲ್ಲವೆಂದು ಅನಿಸುತ್ತದೆ. ಚಳಿಗೆ ಮರಗಟ್ಟಿದ ಹಾವೂ ಅಲುಗುವುದಿಲ್ಲವಲ್ಲ ಎಂದು ಹೊಳೆದು ಕೋಲಿನಿಂದ ತಿವಿದು ನೋಡುತ್ತಾನೆ. ಆಗಲೂ ಅಲುಗದಿದ್ದರೆ ಹಗ್ಗವೆಂದು ಒಪ್ಪಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಪರಮ ನಿಶ್ಚಯ ಅವನಿಗೆ ಸಿಕ್ಕಿಲ್ಲ, ನಡೆಯಲು ಸಾಕಾಗುವಷ್ಟು ಸಿಕ್ಕಿದೆ. ಸಣ್ಣ ವಿಷಯಕ್ಕೆ ಒಂದು ಸಾಕ್ಷಿ ಸಾಕು, ದೊಡ್ಡದಕ್ಕೆ ಹಲವು ಬೇಕು, ಬಾಳಿನ ಸುಖಕ್ಕೆ ಸಂಬಂಧಿಸಿದ್ದನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಬೇಕು ಎಂಬ ಅಳತೆಯೂ ಅಲ್ಲಿದೆ. ಪರೀಕ್ಷೆಗೆ ಸಮಯವಿರಬೇಕೆಂಬುದನ್ನೂ ಆ ವಿವರಣೆ ಮರೆಯುವುದಿಲ್ಲ. ವೈರಿಗಳು ಬೆನ್ನಟ್ಟಿರುವಾಗ ಮುಂದಿರುವ ಹಳ್ಳದಲ್ಲಿ ಇನ್ನಷ್ಟು ವೈರಿಗಳು ಅಡಗಿರಬಹುದೆಂದು ಅನಿಸಿದರೆ, ಇಳಿದು ನೋಡುವಷ್ಟು ಪುರಸೊತ್ತಿಲ್ಲ. ಅನಿಸಿದ್ದನ್ನೇ ನಂಬಿ ಬೇರೆ ದಾರಿ ಹಿಡಿಯಬೇಕು.

ನಿಮ್ಮ ಪಟ್ಟಿಯನ್ನು ಈ ದೃಷ್ಟಿಯಿಂದ ನೋಡಿ. ಬೌದ್ಧರು ಸಂದೇಹವನ್ನು ಚಿತ್ತದ ಐದು ಆವರಣಗಳಲ್ಲಿ, ಎಂದರೆ ಮನಸ್ಸನ್ನು ಮುಸುಕುವ ತಡೆಗಳಲ್ಲಿ, ಒಂದೆಂದು ಎಣಿಸುತ್ತಾರೆ, ಕಾಲಾಮರ ಸಂದೇಹವನ್ನಾದರೋ ಬುದ್ಧ ಮೆಚ್ಚಿದ. ಇವೆರಡಕ್ಕೂ ವಿರೋಧವಿಲ್ಲ. ಕೋಲು ಎತ್ತಿಕೊಂಡು ತಿವಿದು ನೋಡಲು ಕಳುಹಿಸುವ ಸಂದೇಹ ಒಳ್ಳೆಯದು. ಬಾಗಿಲಲ್ಲೇ ನಿಲ್ಲಿಸುವ ಸಂದೇಹ ಆವರಣ. ಆ ಎರಡು ಕಡೆಗಳಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬೊಬ್ಬರೊಡನೆ ಮಾತನಾಡುವುದು ತಿವಿದು ನೋಡಿದಂತೆ. ಕಂಡಕಂಡವರ ಅಭಿಪ್ರಾಯ ಕೇಳುವುದು ಮತ್ತು ಇದ್ದ ಪಟ್ಟಿಯನ್ನೇ ತಿದ್ದುವುದು ಬಾಗಿಲಲ್ಲಿ ನಿಂತಂತೆ. ಉತ್ತರ ಕೊಡಬೇಕಾದ ಕೊನೆಯ ದಿನಾಂಕಕ್ಕಿಂತ ಮೊದಲಿನ ಒಂದು ದಿನವನ್ನು ನೀವೇ ಗೊತ್ತುಮಾಡಿ, ಅಂದು ನಿಮ್ಮ ಬಳಿ ಎಷ್ಟು ತಿಳಿವಳಿಕೆ ಇರುತ್ತದೋ ಅಷ್ಟರಿಂದಲೇ ನಿರ್ಧರಿಸಿ. ಆರಿಸದೆ ಬಿಟ್ಟ ದಾರಿ ಹೇಗಿರುತ್ತಿತ್ತು ಎಂಬುದು ಆಮೇಲೆ ಬದಿಗಿಡಬೇಕಾದ ಪ್ರಶ್ನೆ, ಏಕೆಂದರೆ ಅದನ್ನು ಯಾರೂ ನಡೆದು ನೋಡಿರುವುದಿಲ್ಲ.

ಪ್ರಶ್ನೆ: ನನ್ನ ಮಗ ಪರೀಕ್ಷೆಗೆ ಓದುವುದಿಲ್ಲ. ಕೇಳಿದರೆ ‘ನಾಳೆ ನಮ್ಮ ಕೈಯಲ್ಲಿಲ್ಲವಮ್ಮಾ, ಬುದ್ಧನೂ ಭವಿಷ್ಯಕ್ಕೆ ಹಾತೊರೆಯಬೇಡ ಎಂದಿದ್ದಾನೆ’ ಎನ್ನುತ್ತಾನೆ. ಅನಿಶ್ಚಿತತೆಯನ್ನು ಒಪ್ಪಿಕೊಳ್ಳುವುದೆಂದರೆ ಇದೇ ಏನು?

ಉತ್ತರ: ಅಲ್ಲ, ಅಮ್ಮ. ನಿಮ್ಮ ಮಗ ಹೇಳಿದ ಮಾತು ಮಜ್ಝಿಮ ನಿಕಾಯದ ಭದ್ದೇಕರತ್ತ ಸುತ್ತದಲ್ಲಿದೆ. ಅವನು ಅದನ್ನು ಪೂರ್ತಿ ಓದಲಿ. ‘ಅಜ್ಜೇವ ಕಿಚ್ಚಮಾತಪ್ಪಂ, ಕೋ ಜಞ್ಞಾ ಮರಣಂ ಸುವೇ’ ಎಂಬ ಸಾಲು ಅದೇ ಪದ್ಯದಲ್ಲಿ ಮುಂದೆ ಬರುತ್ತದೆ: ಪ್ರಯತ್ನವನ್ನು ಇಂದೇ ಮಾಡಬೇಕು, ನಾಳೆ ಸಾವೇ ಬರಬಹುದೆಂದು ಯಾರು ಬಲ್ಲರು? ನಾಳೆ ಗೊತ್ತಿಲ್ಲ ಎಂಬ ಒಂದೇ ಸಂಗತಿಯಿಂದ ನಿಮ್ಮ ಮಗ ‘ಮಾಡಬೇಕಾಗಿಲ್ಲ’ ಎಂಬಲ್ಲಿಗೆ ಹೋಗುತ್ತಾನೆ, ಸುತ್ತ ‘ಈಗಲೇ ಮಾಡಬೇಕು’ ಎಂಬಲ್ಲಿಗೆ ಹೋಗುತ್ತದೆ. ಭವಿಷ್ಯಕ್ಕೆ ಹಾತೊರೆಯುವುದೆಂದರೇನು ಎಂಬುದನ್ನೂ ಆ ಸುತ್ತವೇ ವಿವರಿಸುತ್ತದೆ. ಮುಂದೆ ನನ್ನ ರೂಪ ಹೀಗಿರಲಿ, ನನ್ನ ಅನುಭವ ಹೀಗಿರಲಿ ಎಂದು ಕಲ್ಪಿಸಿಕೊಂಡು ಅದರಲ್ಲೇ ಮೈಮರೆಯುವುದು ಹಾತೊರೆತ. ಪಾಠ ಓದಿಕೊಳ್ಳುವುದು ಅದರಲ್ಲಿ ಸೇರುವುದಿಲ್ಲ.

ಐದನೆಯ ಶತಮಾನದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗದಲ್ಲಿ ಉಪೇಕ್ಷೆಯೆಂಬ ಸಮಚಿತ್ತಕ್ಕೆ ದೂರದ ಶತ್ರುಗಳೂ ಹತ್ತಿರದ ಶತ್ರುವೂ ಇವೆಯೆಂದು ಹೇಳಲಾಗಿದೆ. ಆಸೆ ಮತ್ತು ದ್ವೇಷ ದೂರದವು, ಅವನ್ನು ಗುರುತಿಸುವುದು ಸುಲಭ. ಅರಿವಿಲ್ಲದ ಉದಾಸೀನತೆ ಹತ್ತಿರದ ಶತ್ರು. ಅದು ಸಮಚಿತ್ತದ ವೇಷದಲ್ಲೇ ಬರುವುದರಿಂದ ಹೆಚ್ಚು ಅಪಾಯಕಾರಿ. ಸ್ಟೋಯಿಕ್ ಪಂಥದ ಎಪಿಕ್ಟೆಟಸನೂ ಇದೇ ಅರ್ಥದಲ್ಲಿ, ದಾಳ ಹೇಗೆ ಬೀಳುತ್ತದೆಂಬುದು ನನ್ನ ಕೈಯಲ್ಲಿಲ್ಲ, ಬಿದ್ದದ್ದನ್ನು ಎಚ್ಚರದಿಂದ, ಜಾಣ್ಮೆಯಿಂದ ಆಡುವುದು ನನ್ನ ಕೆಲಸ ಎಂದಿದ್ದಾನೆ. ಆದರೂ ಒಂದು ಮಾತು: ಪರೀಕ್ಷೆಯ ಫಲದ ಭಯ ವಿಪರೀತವಾದಾಗಲೂ ಮಕ್ಕಳು ಹೀಗೆ ನಿರಾಸಕ್ತರಂತೆ ಮಾತನಾಡುವುದುಂಟು. ವಾದ ಮಾಡುವ ಮೊದಲು ಅವನಿಗೆ ಹೆದರಿಕೆಯಿದೆಯೇ ಎಂದು ಮೆಲ್ಲಗೆ ಕೇಳಿ ನೋಡಿ.

ಪ್ರಶ್ನೆ: ಧ್ಯಾನಕ್ಕೆ ಕೂತರೆ ಚಿಂತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಏನು ಮಾಡಲಿ?

ಉತ್ತರ: ಚಿಂತೆಯನ್ನು ಓಡಿಸಲು ಕೂತಿದ್ದರೆ ಹಾಗಾಗುವುದು ಸಹಜ. ಸತಿಪಟ್ಠಾನ ಸುತ್ತದಲ್ಲಿ ಈ ಸಂದರ್ಭಕ್ಕೆ ಕೊಟ್ಟಿರುವ ಸೂಚನೆ ಬಹಳ ಸರಳ: ಒಳಗೆ ಸಂದೇಹವಿದ್ದಾಗ ಸಾಧಕನು ‘ನನ್ನಲ್ಲಿ ಸಂದೇಹವಿದೆ’ ಎಂದು ತಿಳಿಯುತ್ತಾನೆ, ಇಲ್ಲದಾಗ ‘ಇಲ್ಲ’ ಎಂದು ತಿಳಿಯುತ್ತಾನೆ. ಅದರ ಜೊತೆ ವಾದಿಸಲು ಮೊದಲು ಹೇಳಿಲ್ಲ, ಗುರುತಿಸಲು ಹೇಳಿದೆ. ಕೆಲವೇ ನಿಮಿಷ ಕೂತು, ಉಸಿರಾಟವನ್ನೋ ನೆಲಕ್ಕೆ ತಾಗಿರುವ ಪಾದಗಳನ್ನೋ ಗಮನಿಸುತ್ತಾ, ಚಿಂತೆ ಬಂದಾಗ ಅದು ಬಂದಿದೆಯೆಂದು ಗುರುತಿಸಿ ಮತ್ತೆ ಉಸಿರಿಗೆ ಮರಳಿ. ಕೂರುವುದೇ ಕಷ್ಟವೆನಿಸಿದರೆ ನಡೆಯುತ್ತಾ ಮಾಡಿ. ನಡಿಗೆಯ ಧ್ಯಾನಕ್ಕೂ ಅಷ್ಟೇ ಹಳೆಯ ಪರಂಪರೆಯಿದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಎದೆ ಬಡಿತ ಹೆಚ್ಚಿ ದಿನದ ಕೆಲಸವೇ ಸಾಗದಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ, ಧ್ಯಾನವನ್ನು ಸದ್ಯ ನಿಲ್ಲಿಸಿ, ತಡಮಾಡದೆ ಮನೋವೈದ್ಯರನ್ನು ಕಾಣಿ. ಬಾಣ ನಾಟಿದವನ ಬಳಿಗೆ ಬಂಧುಗಳು ಮೊದಲು ಕರೆತಂದದ್ದು ವೈದ್ಯನನ್ನೇ.